ಹೊಟ್ಟೆಯಿಲ್ಲದ ಹೂಜಿ

ನೈಲ್ ಹೊಳೆಯ ಮಣ್ಣಿಗೆ ಹೊಟ್ಟು ಚೆಲ್ಲಿ ಹೆನುತ್ ತುಳಿಯುತ್ತಿದ್ದಳು. ಪಕ್ಕದ ಮನೆಯ ಸೆನೆತ್ ಬಂದು ರಟ್ಟೆ ಹಿಡಿದು ನಿಲ್ಲಿಸಿದಳು.

"ಸಾಕು, ಇಳಿಯೇ ತಾಯಿ. ನಿಮ್ಮಪ್ಪನ್ನ ಚಾಪೇಲಿ ಸುತ್ತಿ ಆಯ್ತು. ಬಿಸಿಲೇರಿದ್ರೆ ಇಟ್ಕೊಳ್ಳೋಕಾಗಲ್ಲ."

"ಮಣ್ಣು ನೆನೆದುಬಿಟ್ಟಿತ್ತು ಅತ್ತೆ. ಹಾಗೇ ಬಿಟ್ರೆ ಅಪ್ಪ ಬೈತಿದ್ದ."

ನಿನ್ನೆ ಸಂಜೆ ಮಡಕೆ ಸುಡುವ ಆವಿಗೆಯ ಬಾಯಿ ಮೆತ್ತಿ ಮುಗಿಸಿದ ಅಪ್ಪ ಖುಯಿ ಅಲ್ಲೇ ಕುಸಿದು ನೀರು ಕೇಳಿದ್ದ. ಹೆನುತ್ ತರುವಷ್ಟರಲ್ಲಿ ಉಸಿರು ನಿಂತು, ತುಟಿ ಒಣಗಿ ಹೋಗಿತ್ತು.

"ಗುಂಡೀಲಿ ತಲೆದೆಸೆಗಿಡೋ ಹೂಜಿ ಎಲ್ಲಮ್ಮ?" ಖುಯಿಯ ಜೊತೆಗಾರ ಬೆಬಿ ಕೇಳಿದ.

ಹೂಜಿಗಳೆಲ್ಲ ಆವಿಗೆಯೊಳಗೆ ಕೆಂಡವಾಗಿದ್ದವು. ಈಗ ಬಾಯಿ ತೆರೆದರೆ ಒಂದೂ ಉಳಿಯದೆ ಬಿರಿಯುತ್ತವೆ. ಹೆನುತ್ ಮನೆಯ ನೀರಿನ ಹೂಜಿಯನ್ನು ಎತ್ತಿಕೊಂಡು ಬಂದಳು.

"ಇರೋದೇ ಅದೊಂದು," ಎಂದಳು ಸೆನೆತ್. "ನಾಳೆ ಮಗೂಗೆ ನೀರು ಅಂಗೈಯಲ್ಲಿ ಹೊತ್ತು ತರ್ತೀಯಾ?"

ಹೆನುತ್ ಅದನ್ನು ಇಳಿಸಿದಳು.

ಬೆಬಿ ಮೂಲೆಯ ರಾಶಿಯಿಂದ ಗೇಣುದ್ದದ ಹೂಜಿಯೊಂದನ್ನು ಆರಿಸಿದ. "ಇದಾಗಲ್ವಾ? ದೊಡ್ಡೋರ ಗೋರಿಗೇ ಆಗುತ್ತೆ, ನಮ್ಮ ಖುಯಿಗೇನು?"

ಅದನ್ನು ಹಿಡಿದುಕೊಳ್ಳಲು ಹೆನುತ್‌ಳ ಐದು ವರ್ಷದ ಮಗಳು ತಮಿತ್‌ಗೆ ಕೊಟ್ಟರು. ಅವಳು ಅದರ ಬಾಯಿಗೆ ಬೆರಳಿಟ್ಟಳು. ಉಗುರು ಮುಳುಗುವಷ್ಟರಲ್ಲಿ ತಳ ಸಿಕ್ಕಿತು.

"ಅಮ್ಮಾ, ಇದು..."

"ಸುಮ್ನಿರು ಕಂದ, ಈಗ ಬೇಡ."

*

ಅಂಥ ಹೂಜಿಗಳನ್ನು ಖುಯಿ ತಿರುಗುವ ತಿಗರಿಯ ಮೇಲೆ ಕಣ್ಣುಮುಚ್ಚಿ ಮಾಡುತ್ತಿದ್ದ. ಮುದ್ದೆಯ ಕತ್ತು ಹಿಸುಕಿ, ಹೆಬ್ಬೆರಳೊತ್ತಿ ಬಾಯಿ ಮಾಡಿ, ದಾರದಿಂದ ಕೊಯ್ದರೆ ಮುಗಿಯಿತು. ಒಳಗೆಲ್ಲ ಬರೀ ಮಣ್ಣು.

"ಇದೆಂಥ ಹೂಜಿ ಅಪ್ಪ, ಹೊಟ್ಟೇನೇ ಇಲ್ಲ!" ಎಂದು ಪುಟ್ಟ ಹೆನುತ್ ನಕ್ಕಿದ್ದಳು.

"ಸತ್ತೋರಿಗೆ ಕಣೇ. ಪೂಜಾರಿ ಮಾತು ಹೇಳಿದ್ರೆ ತಾನೇ ತುಂಬ್ಕೊಳ್ಳುತ್ತೆ."

"ನಿಜವಾಗ್ಲೂ?"

"ಇಷ್ಟು ವರ್ಷ ಆಯ್ತು, ಒಂದು ಹೆಣಾನೂ ದೂರು ತಂದಿಲ್ಲ!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು.

*

ಮರಳುಗಾಡಿನಂಚಿನಲ್ಲಿ ತೋಡಿದಷ್ಟೂ ಮರಳು ಜಾರಿ ಗುಂಡಿ ತುಂಬುತ್ತಿತ್ತು. ಕುಂಬಾರರ ಹೆಣಕ್ಕೆ ಪೂಜಾರಿ ಬರುವವನಲ್ಲ. ಬೆಬಿಯೇ ಕೈಯೆತ್ತಿದ.

"ಸಾವಿರ ರೊಟ್ಟಿ, ಸಾವಿರ ಹೂಜಿ ಹೆಂಡ ನಿನಗೆ, ಖುಯಿ..." ಅಷ್ಟಕ್ಕೆ ನಿಂತ.

"ಆಮೇಲೆ?" ಸೆನೆತ್ ಪಿಸುಗುಟ್ಟಿದಳು.

"ಮುಂದಿನ ಮಾತು ಬರಲ್ಲ ಕಣಮ್ಮ. ಅವರ ಗೋರಿಗಳ ಹತ್ರ ನಮ್ಮನ್ನ ನಿಲ್ಲೋಕೆ ಬಿಟ್ಟಿದ್ರೆ ತಾನೇ? ಹೂಜಿಗಳನ್ನ ಬಾಗಿಲಲ್ಲಿ ಇಳಿಸಿ ಬರ್ತಿದ್ವಿ."

ಹೆನುತ್ ಗುಂಡಿಗಿಳಿದು ಹೂಜಿಯನ್ನು ಅಪ್ಪನ ಮುಖದ ಬಳಿ ನೆಟ್ಟಳು. ಬೆಬಿಯ ತೊಗಲಿನ ಚೀಲದಲ್ಲಿ ಒಂದು ಗುಟುಕು ನೀರು ಉಳಿದಿತ್ತು. ಅದನ್ನು ಇಸಿದುಕೊಂಡು ಹೂಜಿಯ ಬಾಯಿಗೆ ಸುರಿದಳು. ಹೆಬ್ಬೆರಳಿನ ಗುಳಿ ತುಂಬಿ ನೀರು ಹೊರಗೇ ಹರಿಯಿತು. ಮರಳು ಅದನ್ನು ಕುಡಿಯಿತು.

ಗುಂಡಿಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ ತಮಿತ್ ಈ ಸಲ ಸುಮ್ಮನಾಗಲಿಲ್ಲ.

"ಅಮ್ಮಾ, ಅಜ್ಜಂಗೆ ಬಾಯಾರಿಕೆ ಆದ್ರೆ ಇದ್ರಲ್ಲಿ ಹೇಗೆ ಕುಡೀತಾನೆ?"