ನೆರೆಗೆ ಹೋದ ಕಾಗದ

“ಇಲ್ಲಿ ಬರೀ ಮದುವೆ ಸಿಗುತ್ತೆ ಅಮ್ಮ. ಬಿಡುಗಡೆ ಬೇಕಂದ್ರೆ ಮೇಲಿನ ಮಹಡಿಗೆ ಹೋಗಿ,” ಎಂದು ಕಿಟಕಿಯ ಹಿಂದಿದ್ದವನು ತಲೆ ಎತ್ತದೆಯೇ ಹೇಳಿದ.

ಲೊವೀನಾ ಸ್ಲೋನ್ ಆ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದಳು. ಅವಳ ಮುಂದಿದ್ದವರೆಲ್ಲ ಕಾರಿನ ನಂಬರ್ ಪ್ಲೇಟಿಗೆ ಬಂದವರು. ಬ್ರಾಶರ್ ಕೌಂಟಿಯ ಕೋರ್ಟುಮನೆಯಲ್ಲಿ ಎಲ್ಲರೂ ಮಾಡುವ ತಪ್ಪೇ ಇದು. ಜಮೀನು, ಮದುವೆ, ವಾಹನ ಎಲ್ಲ ಕೆಳಗಿನ ಗುಮಾಸ್ತನ ಪಾಲು. ಜಗಳ, ಕಳವು, ವಿಚ್ಛೇದನ ಮೇಲಿನ ಗುಮಾಸ್ತೆಯದು. ಇಬ್ಬರಿಗೂ ಮಾತುಕತೆ ಅಷ್ಟಕ್ಕಷ್ಟೆ, ಆದ್ದರಿಂದ ಬಾಗಿಲಲ್ಲಿ ಒಂದು ಬೋರ್ಡು ಹಾಕಿಸುವ ಕೆಲಸ ಇವತ್ತಿಗೂ ಆಗಿಲ್ಲ.

ಲಿಫ್ಟು ಕೆಟ್ಟಿತ್ತು. ಲೊವೀನಾ ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, ಪಕ್ಕದ ಕಂಬಿ ಹಿಡಿದು ಉಸಿರು ತಗೊಂಡಳು. ವಯಸ್ಸು ಎಪ್ಪತ್ನಾಲ್ಕು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದೊಡ್ಡ ಪಾತ್ರೆ ಎತ್ತಿದ ಮೈ ಈಗ ಕೋಟಿನೊಳಗೆ ಸಡಿಲವಾಗಿತ್ತು. ಲೆಕ್ಸಿಂಗ್ಟನ್ನಿನ ಡಾಕ್ಟರು ಎಕ್ಸ್‌ರೇ ತೋರಿಸಿ, ಈ ಸಲದ ಕ್ರಿಸ್‌ಮಸ್ಸನ್ನು ಚೆನ್ನಾಗಿ ಮಾಡಿ ಎಂದಿದ್ದರು. ಮುಂದಿನದರ ಮಾತು ಎತ್ತಿರಲಿಲ್ಲ.

ಅವಳಿಗೆ ಬೇಕಾಗಿದ್ದು ಒಂದೇ. ಗಂಡ ಡೆಲ್ಬರ್ಟ್ ಮಲಗಿದ ಗುಂಡಿಯಲ್ಲಿ ತಾನೂ ಮಲಗಬೇಕು. ವಿಯೆಟ್ನಾಮಿಗೆ ಹೋಗಿ ಬಂದವನು ಅಂತ ಅವನನ್ನು ಗುಡ್ಡದಾಚೆಯ ಸೈನಿಕರ ಸ್ಮಶಾನದಲ್ಲಿ ಹೂಳಿದ್ದರು. ಅಲ್ಲಿ ಹೆಂಡತಿಗೆ ಬೇರೆ ಗುಂಡಿಯಿಲ್ಲ, ಗಂಡನ ಮೇಲೆಯೇ ಇಳಿಸುತ್ತಾರೆ. ಆದರೆ ಹೆಂಡತಿ ಅನ್ನುವುದಕ್ಕೆ ಕಾಗದ ಬೇಕು. ಅಲ್ಲಿಯ ಕಚೇರಿಯಿಂದ ಅವಳು ಮೊದಲೇ ಕೇಳಿ ತರಿಸಿಕೊಂಡ ಫಾರಮ್ಮಿನಲ್ಲಿ ಗಂಡನಿಗೆ ಹಿಂದೆ ಮದುವೆಯಾಗಿತ್ತೇ ಎಂದು ಕೇಳಿದ್ದರು. ಲೊವೀನಾ ಹೌದು ಎಂದು ಬರೆದಳು. ಹಾಗಾದರೆ ಆ ವಿಚ್ಛೇದನದ ಡಿಕ್ರಿಯ ಮೊಹರು ಹಾಕಿದ ನಕಲು ಕಳಿಸಿ ಎಂದು ಉತ್ತರ ಬಂತು. ತನ್ನ ಕೌಂಟಿಯಲ್ಲಿ ಕೇಳಿದರೆ, ಯಾವ ಕೌಂಟಿಯಲ್ಲಿ ಬಿಟ್ಟರೋ ಅಲ್ಲೇ ಹೋಗಿ ಎಂದರು. ಹಾಗಾಗಿ ಎರಡು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು.

ಮೇಲಿನ ಕಿಟಕಿಯಲ್ಲಿ ಇದ್ದವಳು ಟ್ರೆಸ್ಸಾ, ನಲವತ್ತು ದಾಟಿದ ಹೆಂಗಸು, ಕನ್ನಡಕ ಮಣಿಸರದಲ್ಲಿ ಎದೆಯ ಮೇಲೆ ನೇತಾಡುತ್ತಿತ್ತು. ಲೊವೀನಾ ಏದುಸಿರು ಬಿಡುವುದನ್ನು ನೋಡಿ ಅವಳು ಬಾಗಿಲು ತೆಗೆದು, ಒಳಗೆ ಕರೆದು, ತನ್ನದೇ ಕುರ್ಚಿ ಕೊಟ್ಟಳು.

“ಕೂತ್ಕೊಳ್ಳಿ ಅಮ್ಮ. ಕೆಳಗಿನವರು ಮೊದಲು ನಿಲ್ಲಿಸಿ, ಆಮೇಲೆ ಕಳಿಸಿದ್ರಾ? ಅವರಿಗೆ ಅದೊಂದು ಆಟ. ಯಾವ ವರ್ಷದ್ದು?”

“ಎಪ್ಪತ್ತೆರಡೋ ಮೂರೋ. ನನ್ನ ಗಂಡನ ಮೊದಲನೇ ಮದುವೇದು.” ಲೊವೀನಾ ತಡವರಿಸಿದಳು. “ಎಪ್ಪತ್ತೇಳರ ನೆರೆಯಲ್ಲಿ ಕೊಚ್ಚಿಹೋಗಿದ್ರೆ ಏನು ಮಾಡೋದು ಮಗಳೇ?”

ಟ್ರೆಸ್ಸಾ ನಕ್ಕಳು. “ಈ ಊರಲ್ಲಿ ಯಾರಿಗೆ ಯಾವ ಕಾಗದ ಬೇಡವೋ ಅದೆಲ್ಲ ಆ ನೆರೆಯಲ್ಲೇ ಹೋಗಿರೋದು. ಕುಡಿದು ಸಿಕ್ಕಿಬಿದ್ದ ಕೇಸುಗಳಂತೂ ಮೊದಲೇ ಈಜಿಕೊಂಡು ಹೋದವಂತೆ! ಹೋಗಿರೋದು ಸ್ವಲ್ಪ ನಿಜ. ಉಳಿದದ್ದನ್ನ ಶಾಲೆ ಅಂಗಳದಲ್ಲಿ ಹರವಿ ಒಣಗಿಸಿದ್ರು. ನಿಜವಾಗ್ಲೂ ಹೋಗಿದ್ರೆ ಅದಕ್ಕೇ ಒಂದು ಪತ್ರ ಇದೆ, ಬರೆದುಕೊಡ್ತೀನಿ. ಆದ್ರೆ ಇರೋ ಕಾಗದನ ಇಲ್ಲ ಅಂತ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ಬರೆದಿಲ್ಲ ನಾನು. ಅರ್ಜಿ ಹಾಕಿದ್ದು ಗಂಡನೋ ಹೆಂಡತಿಯೋ? ಯಾರು ಹಾಕಿದ್ರೋ ಅವರ ಹೆಸರಲ್ಲೇ ಹುಡುಕಬೇಕು.”

“ಅವಳೇ. ಇಮೋಜೀನ್ ಸ್ಲೋನ್. ತವರು ಮನೆ ಹೆಸರು ಫ್ಯೂಗೇಟ್.”

ಟ್ರೆಸ್ಸಾ ಬರೆಯುತ್ತಿದ್ದವಳು ನಿಲ್ಲಿಸಿದಳು. ಕನ್ನಡಕ ಎತ್ತಿ ಮೂಗಿನ ಮೇಲಿಟ್ಟು ಎದುರಿನ ಮುದುಕಿಯನ್ನು ಮೊದಲ ಸಲವೆಂಬಂತೆ ನೋಡಿದಳು.

“ನಿಮ್ಮ ಯಜಮಾನರು ಡೆಲ್ಬರ್ಟಾ?”

“ಹೌದು. ಹೋದ ಫೆಬ್ರವರೀಲಿ ಹೋಗಿಬಿಟ್ರು.”

“ಇಮೋಜೀನ್ ನಮ್ಮಮ್ಮ.”

ಲೊವೀನಾಳ ಮುಖ ಸುಟ್ಟಂತಾಯಿತು. ಎದ್ದು ಹೋಗಿಬಿಡೋಣ ಅನ್ನಿಸಿತು. ಡೆಲ್ಬರ್ಟ್ ಜೊತೆ ಬಾಳಿದ ನಲವತ್ಮೂರು ವರ್ಷದಲ್ಲಿ ಆ ಹೆಂಗಸಿನ ಬಗ್ಗೆ ಅವಳು ಕೇಳಿದ್ದು ಎರಡೋ ಮೂರೋ ಸಲ. ಕೇಳಿದಾಗೆಲ್ಲ ಅವನು, “ಕಾಗದಕ್ಕೆ ಸಹಿ ಹಾಕಿದ್ವಿ, ಮುಗೀತು,” ಎನ್ನುತ್ತಿದ್ದ. ನಮ್ಮ ಗುಡ್ಡದ ಕಡೆ ವಿಚ್ಛೇದನ ಅನ್ನುವ ಪದ ಯಾರ ಬಾಯಲ್ಲೂ ಬರುವುದಿಲ್ಲ. ಕಾಗದಕ್ಕೆ ಸಹಿ ಹಾಕಿದರು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ.

“ಬೇರೆಯವರ ಕೈಲಿ ತೆಗೆಸ್ಲಾ ಮಗಳೇ? ನಿನಗ್ಯಾಕೆ ಕಷ್ಟ?”

“ಕಷ್ಟ ಎಂಥದ್ದು? ಅಮ್ಮನಿಗೆ ಮೊದಲೊಂದು ಮದುವೆ ಆಗಿತ್ತು ಅಂತ ನಂಗೊತ್ತು. ಎಲ್ಲರ ಕಾಗದನೂ ತೆಗೀತೀನಿ, ಇದನ್ನೂ ತೆಗೀತೀನಿ,” ಎಂದು ಟ್ರೆಸ್ಸಾ ಒಳಕೋಣೆಗೆ ಹೋದಳು. ಅವಳ ದನಿಯಲ್ಲಿ ತನ್ನ ಕೆಲಸದ ಬಗ್ಗೆ ಇದ್ದ ಜಂಬ ಅಪ್ಪಟವಾದದ್ದು.

ಇಪ್ಪತ್ತು ನಿಮಿಷವಾಯಿತು. ಟ್ರೆಸ್ಸಾ ವಾಪಸು ಬಂದಾಗ ಕೈಯಲ್ಲಿ ಕಂದು ಕಲೆಯ ಲಕೋಟೆಯಿತ್ತು. ಅಂಚುಗಳು ನೀರು ಕುಡಿದು ಒಣಗಿ ಗಟ್ಟಿಯಾಗಿದ್ದವು. ಅವಳು ಮೂರು ಹಾಳೆಗಳನ್ನು ಮೇಜಿನ ಮೇಲೆ ಇಟ್ಟಳು. ಮೊದಲನೆಯದು ಅರ್ಜಿ. ಎರಡನೆಯದರ ಕೆಳಗೆ ಡೆಲ್ಬರ್ಟನ ಸಹಿ, ಹೆಸರಿನ ಮೊದಲ ಅಕ್ಷರ ದೊಡ್ಡದು, ಮುಂದಕ್ಕೆ ವಾಲಿದ್ದು. ಲೊವೀನಾ ಅದರ ಮೇಲೆ ಬೆರಳಿಟ್ಟಳು. ಮೂರನೆಯದರಲ್ಲಿ ಇದ್ದದ್ದು ಒಂದೇ ಸಾಲು: ವಾದಿ ಹಾಜರಾಗದ ಕಾರಣ ಅರ್ಜಿ ವಜಾ.

“ಇದೇ ಡಿಕ್ರಿನಾ?”

“ಅಲ್ಲ,” ಎಂದಳು ಟ್ರೆಸ್ಸಾ. “ಡಿಕ್ರಿ ಇಲ್ಲ. ಸಹಿ ಹಾಕಿದ್ದು ಅರ್ಜಿಗೆ ಅಷ್ಟೇ. ಆಮೇಲೆ ಜಡ್ಜ್ ಮುಂದೆ ಬಂದು ಹೇಳಬೇಕಿತ್ತು. ಯಾರೂ ಬರಲಿಲ್ಲ. ಎರಡು ವರ್ಷ ಕಾದು ಎತ್ತಿಹಾಕಿದ್ದಾರೆ.”

“ಅಂದ್ರೆ?”

“ಅಂದ್ರೆ ಅವರು ಬಿಟ್ಟೇ ಇಲ್ಲ ಅಮ್ಮ.” ಟ್ರೆಸ್ಸಾ ಕನ್ನಡಕ ಕಳಚಿದಳು. “ನೀವು ಮದುವೆಯಾದಾಗಲೂ ಬಿಟ್ಟಿರಲಿಲ್ಲ. ನಮ್ಮಮ್ಮ ನಮ್ಮಪ್ಪನ್ನ ಮದುವೆ ಆದಾಗಲೂ ಬಿಟ್ಟಿರಲಿಲ್ಲ.”

ಆಮೇಲೆ ಟ್ರೆಸ್ಸಾ ಬಾಗಿಲು ಮುಚ್ಚಿ ಬಂದು, ಮೇಜಿನ ಮೇಲಿದ್ದ ಫೋನಿನ ಸ್ಪೀಕರ್ ಒತ್ತಿ, ತಾಯಿಯ ನಂಬರ್ ತಿರುಗಿಸಿದಳು.

“ಅಮ್ಮಾ, ಡೆಲ್ಬರ್ಟ್ ಸ್ಲೋನ್ ಜೊತೆ ಬಿಡುಗಡೆ ಆಯ್ತಲ್ಲ, ಅವತ್ತು ನೀನು ಜಡ್ಜ್ ಮುಂದೆ ಹೋಗಿದ್ದಾ?”

ಆ ಕಡೆ ಟಿವಿಯ ಸದ್ದು ನಿಂತಿತು. “ಯಾಕೆ ಕಣೇ? ಯಾರು ಬಂದಿದ್ದಾರೆ ಅಲ್ಲಿ?”

“ಅವರ ಹೆಂಡತಿ.”

ಇಮೋಜೀನ್ ದನಿ ತಗ್ಗಿಸಿದಳು. “ನಿಮ್ಮಪ್ಪ ಪಕ್ಕದ ರೂಮಲ್ಲೇ ಮಲಗಿದ್ದಾರೆ. ಮೆಲ್ಲಗೆ ಮಾತಾಡ್ತೀನಿ. ಹೋಗಿದ್ದೆ ಕಣೇ, ಕೋರ್ಟಿನವರೆಗೂ ಹೋಗಿದ್ದೆ. ಅವನೂ ಬಂದಿದ್ದ. ಹೊರಗಡೆ ಬೆಂಚಿನ ಮೇಲೆ ಕೂತ್ವಿ. ಒಳಗೆ ಹೋದ್ರೆ ಆ ಜನರೆಲ್ಲರ ಮುಂದೆ, ಇವನು ರಾತ್ರಿ ಎದ್ದು ಚೀರ್ತಾನೆ, ನನಗೆ ಹೆದರಿಕೆ ಅಂತ ಹೇಳಬೇಕಿತ್ತು. ನನ್ನ ಕೈಲಾಗಲಿಲ್ಲ. ಅವನೇ ಅಂದ, ಬೇಡ ಬಿಡು ಇಮೋ, ಸಹಿ ಹಾಕಿದ್ದೀವಲ್ಲ, ಸಾಕು. ಎದುರಿನ ಹೋಟೆಲಲ್ಲಿ ಒಂದು ತಟ್ಟೆ ಸೇಬಿನ ಪೈ ತಗೊಂಡು ಇಬ್ಬರೂ ತಿಂದ್ವಿ. ಕೈ ಕುಲುಕಿ ಎದ್ವಿ. ನಮ್ಮ ಪಾಲಿಗೆ ಅದೇ ಜಡ್ಜು.”

ರಾತ್ರಿ ಚೀರುವುದು ಲೊವೀನಾಳಿಗೆ ಗೊತ್ತಿತ್ತು. ಹತ್ತು ವರ್ಷ ಅವನ ತಲೆಯನ್ನು ಎದೆಗೊತ್ತಿಕೊಂಡು ಅವಳೇ ಅದನ್ನು ನಿಲ್ಲಿಸಿದ್ದು. ಅವಳು ಫೋನಿನ ಕಡೆ ಬಗ್ಗಿದಳು.

“ನಾನು ಲೊವೀನಾ. ಒಂದು ಕೇಳ್ತೀನಿ, ನಿಜ ಹೇಳಿ. ಇದು ಅವರಿಗೆ ಗೊತ್ತಿತ್ತಾ?”

“ಗೊತ್ತಾಗಿದ್ದು ಆಮೇಲೆ,” ಎಂದಳು ಇಮೋಜೀನ್. “ಆರು ವರ್ಷ ಆಯ್ತು. ಅವನ ಪಿಂಚಣಿಗೆ ಏನೋ ಕಾಗದ ಕೇಳಿದ್ರಂತೆ, ವಕೀಲನ ಕೈಲಿ ಹುಡುಕಿಸಿದಾಗ ಗೊತ್ತಾಯ್ತಂತೆ. ನಮ್ಮ ಮನೆ ಬಾಗಿಲಿಗೆ ಬಂದ. ಟೋಪಿ ಕೈಲಿ ಹಿಡ್ಕೊಂಡು ನಿಂತಿದ್ದ. ಈಗಲಾದ್ರೂ ಮುಗಿಸೋಣ ಇಮೋ, ಲೊವೀನಾಗೆ ತೊಂದರೆ ಆಗುತ್ತೆ ಅಂದ. ನಾನೇ ಬೇಡ ಅಂದೆ.”

“ಯಾಕಮ್ಮಾ?” ಟ್ರೆಸ್ಸಾ ಕೂಗಿದಳು.

“ಯಾಕೆ ಅಂದ್ರೆ? ಆ ಅರ್ಜಿ ಯಾರ ಮೇಜಿಗೆ ಬರ್ತಿತ್ತು? ನಿನ್ನ ಮೇಜಿಗೇ ಅಲ್ವೇನೇ? ಕೋರ್ಟ್ ಸುದ್ದಿ ಅಂತ ವಾರದ ಪೇಪರಲ್ಲಿ ಹಾಕ್ತಾರೆ. ಎಪ್ಪತ್ತರ ಹತ್ತಿರದ ಮುದುಕಿ, ಮನೇಲಿ ಗಂಡ ಇರೋವಾಗ್ಲೇ, ಇನ್ನೊಬ್ಬನಿಂದ ಬಿಡುಗಡೆ ಕೇಳಿದಳು ಅಂತ! ಚರ್ಚಲ್ಲಿ ಎಲ್ಲಿ ಕೂತ್ಕೊಳ್ಳಲಿ ನಾನು?”

ಲೊವೀನಾಳಿಗೆ ಈಗ ಒಂದು ಮಾತು ಹೊಳೆಯಿತು. ಕೊನೆಯ ಕಾಯಿಲೆಯಲ್ಲಿ ಡೆಲ್ಬರ್ಟ್ ಹತ್ತಾರು ಸಲ ಹೇಳಿದ್ದ: ಸ್ಮಶಾನದವರ ಹತ್ತಿರ ನೀನು ಏನೂ ಕೇಳೋಕೆ ಹೋಗಬೇಡ, ಹೂಳೋರು ಎಲ್ಲ ನೋಡ್ಕೋತಾರೆ. ಅವಳು ಅದನ್ನು ಅವನ ಸೋಮಾರಿತನ ಎಂದುಕೊಂಡಿದ್ದಳು. ಫಾರಮ್ಮು ತರಿಸದೆ ತಾನು ಸುಮ್ಮನೆ ಸತ್ತಿದ್ದರೆ, ತಾವಿಬ್ಬರೂ ಟೆನೆಸ್ಸಿಗೆ ಹೋಗಿ ಮಾಡಿಕೊಂಡ ಮದುವೆಯ ಸರ್ಟಿಫಿಕೇಟೊಂದೇ ಸಾಕಾಗುತ್ತಿತ್ತೇನೋ. ಎಲ್ಲವನ್ನೂ ಮೊದಲೇ ಅಚ್ಚುಕಟ್ಟು ಮಾಡಿಡುವ ತನ್ನ ಚಾಳಿಯೇ ತನಗೆ ಮುಳುವಾಯಿತು. ಅವನ ಮೇಲೆ ಅವಳಿಗೆ ಕಡುಕೋಪ ಬಂತು. ಆರು ವರ್ಷ ಪಕ್ಕದಲ್ಲಿ ಮಲಗಿದ್ದು ಒಂದು ಮಾತು ಹೇಳಲಿಲ್ಲವಲ್ಲ ಎಂದು ಎದೆ ಉರಿಯಿತು. ಅವನನ್ನು ಬಯ್ಯಲು ಅವನೇ ಬೇಕಾಗಿತ್ತು.

ಸೈನಿಕರ ಸ್ಮಶಾನದಲ್ಲಿ ಗಂಡನ ಗುಂಡಿಗೇ ಇಳಿಯಲು ತನಗೆ ಈ ಕಾಗದ ಬೇಕಾಗಿತ್ತು ಎಂದು ಲೊವೀನಾ ಇಬ್ಬರಿಗೂ ಕೇಳುವಂತೆ ಹೇಳಿದಳು.

“ಹಾಗಾದ್ರೆ ಆ ಗುಂಡೀಲಿ ಜಾಗ ಯಾರದ್ದು ಕಣೇ ಟ್ರೆಸ್ಸಾ?” ಎಂದು ಫೋನಿನ ದನಿ ಕೇಳಿತು. “ನಂದಾ?”

“ಕಾನೂನಿನ ಪ್ರಕಾರ ನಿಂದೇ ಅಮ್ಮ.”

“ಅಯ್ಯೋ ದೇವರೇ. ನನಗ್ಯಾಕೆ ಅದು? ಅವಳಿಗೇ ಕೊಟ್ಟೆ ಅಂತ ಬರೆದುಕೊಡ್ತೀನಿ. ಆಗಲ್ವಾ?”

“ಅದು ಕೊಡೋಕೆ ಬರಲ್ಲ.”

“ಕ್ಷಮಿಸಿಬಿಡು ಲೊವೀನಾ,” ಎಂದು ಇಮೋಜೀನ್ ಅಳತೊಡಗಿದಳು. ಪಕ್ಕದ ಕೋಣೆಯಿಂದ ಯಾರೋ ಏನೋ ಕೇಳಿದ್ದು ಸಣ್ಣಗೆ ಕೇಳಿಸಿತು. ಇಮೋಜೀನ್ ಫೋನು ಇಟ್ಟುಬಿಟ್ಟಳು.

ಟ್ರೆಸ್ಸಾ ಮೂರೂ ಹಾಳೆಗಳನ್ನು ಲಕೋಟೆಗೆ ಹಾಕಿ, ಲಕೋಟೆಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಳು. ಲೊವೀನಾ ಏನೂ ಕೇಳಲಿಲ್ಲ. ಎದ್ದೂ ಹೋಗಲಿಲ್ಲ. ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಅಲ್ಲೇ ಇದ್ದಳು. ಅವಳು ಎದ್ದು ಹೋಗಿದ್ದರೆ ಟ್ರೆಸ್ಸಾ ಏನು ಮಾಡುತ್ತಿದ್ದಳೋ ಹೇಳಲಾಗದು.

ಕೊನೆಗೆ ಟ್ರೆಸ್ಸಾ ಖಾನೆ ಎಳೆದು, ನೆರೆಯ ಪತ್ರದ ಒಂದು ಖಾಲಿ ಹಾಳೆ ತೆಗೆದಳು.

“ಬೇಡ ಮಗಳೇ,” ಎಂದಳು ಲೊವೀನಾ. ಆ ‘ಬೇಡ’ದಲ್ಲಿ ಜೀವ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಾಯಿತು.

“ನಿಮಗೊಬ್ಬರಿಗೇ ಅಂತ ಬರೀತಿಲ್ಲ ನಾನು,” ಟ್ರೆಸ್ಸಾ ಒರಟಾಗಿ ಅಂದಳು. ಬೆರಳುಗಳು ಟೈಪು ಮಾಡತೊಡಗಿದವು. ಮುಗಿಸಿ, ಹಾಳೆಯನ್ನು ಮೊಹರಿನ ಕಬ್ಬಿಣದ ಬಾಯಿಗಿಟ್ಟು, ಎರಡೂ ಕೈ ಊರಿ ಒತ್ತಿದಳು. ಆ ಕಂದು ಲಕೋಟೆಯನ್ನು ತನ್ನ ಕೈಚೀಲದ ತಳಕ್ಕೆ ತುರುಕಿದಳು. ಹೋಗುವಾಗ ಲೊವೀನಾ ಅವಳ ಭುಜ ಮುಟ್ಟಲು ಕೈ ಎತ್ತಿದಳು. ಟ್ರೆಸ್ಸಾ ಮುಖ ತಿರುಗಿಸಿ ಕನ್ನಡಕ ಒರೆಸುತ್ತಾ ನಿಂತಳು.

ಲೊವೀನಾ ಕಾರಿನಲ್ಲಿ ಕೂತು ಪತ್ರ ಬಿಡಿಸಿದಳು. ಡೆಲ್ಬರ್ಟ್ ಸ್ಲೋನ್ ಮತ್ತು ಇಮೋಜೀನ್ ಇವರ ವಿಚ್ಛೇದನದ ಡಿಕ್ರಿಯು ಈ ಕಚೇರಿಯಲ್ಲಿ ಇದ್ದು, ನೆರೆಯಲ್ಲಿ ನಾಶವಾಗಿರುತ್ತದೆ. ನಕಲು ಕೋರಿದವರು: ಲೊವೀನಾ ಸ್ಲೋನ್, ಮೃತರ ಪತ್ನಿ. ಕೊನೆಯ ಎರಡು ಪದಗಳನ್ನು ಅವಳು ಮತ್ತೆ ಮತ್ತೆ ಓದಿದಳು. ಮೊಹರಿನ ಉಬ್ಬು ಬೆರಳಿಗೆ ಹತ್ತುತ್ತಿತ್ತು. ವಿಳಾಸ ಬರೆದು ತಂದಿದ್ದ ಕವರಿಗೆ ಪತ್ರ ಹಾಕಿ, ನಾಲಿಗೆ ಒಣಗಿದ್ದರಿಂದ ಎರಡು ಸಲ ಅಂಟಿಸಿ, ಇಳಿದು ಹೋಗಿ ಕೋರ್ಟಿನ ಮುಂದಿನ ಅಂಚೆಪೆಟ್ಟಿಗೆಗೆ ಬಿಟ್ಟಳು. ಅದು ತಳಕ್ಕೆ ಬಿದ್ದ ಸದ್ದು ಕೇಳಿಸಿತು.

ನಾಲ್ಕೂವರೆಗೆ ಕಚೇರಿ ಮುಚ್ಚಿತು. ನದಿ ಪಕ್ಕದ ರಸ್ತೆಯಲ್ಲಿ ಲೊವೀನಾ ನಿಧಾನವಾಗಿ ಹೋಗುತ್ತಿದ್ದಾಗ, ಪೆಟ್ರೋಲ್ ಹಾಕಿಸಿಕೊಂಡು ಊರ ಕಡೆಗೆ ತಿರುಗಿದ ಟ್ರೆಸ್ಸಾಳ ಕಾರು ಎದುರಿಗೆ ಬಂತು. ನಮ್ಮ ಈ ಕಿರುದಾರಿಗಳಲ್ಲಿ ಎದುರಾದ ಕಾರಿಗೆ, ಅದು ಶತ್ರುವಿನದಾದರೂ ಸರಿ, ಸ್ಟಿಯರಿಂಗಿನಿಂದ ಎರಡು ಬೆರಳು ಎತ್ತದೆ ಯಾರೂ ಹೋಗುವುದಿಲ್ಲ. ಕಾರುಗಳು ಕನ್ನಡಿಗೆ ಕನ್ನಡಿ ತಾಗುವಷ್ಟು ಹತ್ತಿರದಲ್ಲಿ ಹಾದವು. ಟ್ರೆಸ್ಸಾ ನೇರ ಮುಂದಕ್ಕೆ ನೋಡುತ್ತಿದ್ದಳು. ಲೊವೀನಾ ಎರಡೂ ಕೈಗಳಿಂದ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.