ಹೆಳವ ಹೇಳದ ಹೆಸರುಗಳು

ಶಿವನಿ ಊರಿನ ಗುರುಶಾಂತಮ್ಮನ ತಲೆಯ ಮೇಲೆ ನಲವತ್ತು ವರ್ಷದಿಂದ ಒಂದು ಮಾತು ಕೂತಿತ್ತು. ಗಂಡ ಪಂಚಾಕ್ಷರಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಬಂದದ್ದು ಇವಳ ಕೈಯ ಖಾರದಿಂದ ಅಂತ. ಅತ್ತೆ ಅಂದರು, ಊರು ಹೌದೆಂದಿತು. ಆಡುವವರ ಬಾಯಿಗೇನು, ಬೀಗ ಇದೆಯೇ?

ಈಗ ಮಗ ಬಸವೇಶನಿಗೂ ಅದೇ ಬಂತು. ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಬದುಕಿಕೊಂಡ, ಪುಣ್ಯ. ಆದರೆ ಡಾಕ್ಟರಮ್ಮ ಅಷ್ಟಕ್ಕೇ ಬಿಡಲಿಲ್ಲ. ಕೆಲವು ಮನೆತನಗಳಲ್ಲಿ ಇದು ಹುಟ್ಟಿನಿಂದಲೇ ಜೀನ್ ಜೊತೆ ಬರುತ್ತದೆ, ವಂಶದಲ್ಲಿ ಯಾರ್ಯಾರಿಗೆ ಏನಾಗಿತ್ತೆಂದು ಬರೆದು ತನ್ನಿ, ನೋಡಿ ರಕ್ತಪರೀಕ್ಷೆ ಬೇಕೋ ಬೇಡವೋ ಹೇಳುತ್ತೇನೆ ಎಂದರು. ಗುರುಶಾಂತಮ್ಮನಿಗೆ ಮೊದಲು ನೆನಪಾದದ್ದು ಮೊಮ್ಮಗಳು. ಬಸವೇಶನಿಗಿರುವುದು ಒಬ್ಬಳೇ ಮಗಳು, ಇಪ್ಪತ್ತಮೂರರ ಸಂಗೀತಾ.

ಬಸವೇಶ ನೇರ ಹಾಲೇಶನಿಗೆ ಫೋನ್ ಮಾಡಿದ. ಹಾಲೇಶ ಹೆಳವ, ಮನೆಮನೆಗೆ ಬಂದು ವಂಶಾವಳಿ ಹೇಳುವುದು ಅವನ ಕುಲಕಸುಬು. ಜಗಲಿಯ ಮೇಲೆ ಕೂತು ಏಳು ತಲೆಮಾರು ಗಡಗಡ ಒಪ್ಪಿಸಿದ, ಸಂಗೀತಾ ಬರೆದುಕೊಂಡಳು. ಇಂಥ ದಾಖಲೆ ಯಾರ ಮನೆಯಲ್ಲಿದೆ ಎಂದು ಬಸವೇಶ ಮೀಸೆ ತಿರುವಿಕೊಂಡೇ ತಾಯಿ, ಮಗಳ ಜೊತೆ ಆಸ್ಪತ್ರೆಗೆ ಹೊರಟ.

ಡಾಕ್ಟರಮ್ಮ ಹಾಳೆ ನೋಡಿ, "ಏಳು ತಲೆಮಾರಲ್ಲಿ ಒಂದೂ ಹೆಣ್ಣು ಹುಟ್ಟಲಿಲ್ವಾ?" ಎಂದರು.

ಬಸವೇಶ ತಲೆ ಕೆರೆದುಕೊಂಡ. ಹಾಲೇಶ ಹೇಳಿದ್ದು ಗಂಡುಮಕ್ಕಳ ಹೆಸರಷ್ಟೇ. ಕೊಟ್ಟ ಹೆಣ್ಣು ಯಾರ ಲೆಕ್ಕಕ್ಕೂ ಇಲ್ಲ, ನೋಡಿ! ಹೆಣ್ಣುಮಕ್ಕಳಲ್ಲೂ ಇದು ಹಾಗೇ ಇಳಿದು ಬರುತ್ತದೆ, ಅವರಿಲ್ಲದೆ ಈ ಹಾಳೆ ಅರ್ಧಂಬರ್ಧ ಎಂದರು ಡಾಕ್ಟರಮ್ಮ.

ಆಗ ಗುರುಶಾಂತಮ್ಮ ಬಾಯಿ ಬಿಟ್ಟಳು. ಮನೆಯ ಹಿರಿಸೊಸೆ, ಗೌರಿಹಬ್ಬ ಬಂತೆಂದರೆ ಕೊಟ್ಟ ಹೆಣ್ಣುಮಕ್ಕಳಿಗೆಲ್ಲ ಬಾಗಿನ ಹೊತ್ತುಕೊಂಡು ಬಸ್ಸು ಹತ್ತಿದವಳು ಅವಳೇ ತಾನೆ? ಕಡೂರಿಗೆ ಕೊಟ್ಟ ದೊಡ್ಡ ನಾದಿನಿ ನಲವತ್ತೊಂದಕ್ಕೆ ಅನ್ನ ಸೇರದೆ ಹೋದಳು. ತರೀಕೆರೆಯಲ್ಲಿದ್ದ ಗಂಡನ ಸೋದರತ್ತೆ ಐವತ್ತಕ್ಕೆ, ಅವಳ ಮಗ ಅದಕ್ಕಿಂತ ಮೊದಲೇ. ಅಜ್ಜಂಪುರದ ಸಣ್ಣ ನಾದಿನಿಗೆ ಕೊನೆಗೆ ಗಂಜಿಯೂ ನಿಲ್ಲಲಿಲ್ಲ. ಒಂದೊಂದು ಹೆಸರು, ವಯಸ್ಸು, ಊರು ಹೇಳುತ್ತ ಹೋದಳು. ಡಾಕ್ಟರಮ್ಮ ಹಾಳೆಯಲ್ಲಿ ಒಬ್ಬೊಬ್ಬರಿಗೂ ಒಂದು ಚೌಕವೋ ವೃತ್ತವೋ ಬರೆದು, ಕಾಯಿಲೆ ಬಂದವರದಕ್ಕೆ ಕಪ್ಪು ಬಳಿಯುತ್ತ ಹೋದರು.

ಗುರುಶಾಂತಮ್ಮ ಆ ಹಾಳೆಯನ್ನೇ ನೋಡಿದಳು. "ಇವ್ರ್ಯಾರ ಮನೇಲೂ ನಾನು ಒಲೆ ಹಚ್ಚಿಲ್ವಲ್ಲ ಡಾಕ್ಟ್ರಮ್ಮ," ಎಂದಳು ಮೆಲ್ಲಗೆ.

ಇಷ್ಟು ಸ್ಪಷ್ಟವಾಗಿ ವಂಶ ಬರೆಸಿದವರನ್ನು ತಾನು ಕಂಡೇ ಇಲ್ಲವೆಂದರು ಡಾಕ್ಟರಮ್ಮ. ಸಂಗೀತಾ ಹೊರಗಿದ್ದ ನರ್ಸುಗಳಿಗೆಲ್ಲ ನಮ್ಮಜ್ಜಿ ಕಣ್ರೀ, ನಮ್ಮಜ್ಜಿ ಎಂದು ಸಾರಿಕೊಂಡು ಬಂದಳು.

ಅಪ್ಪ, ಮಗಳು ಇಬ್ಬರ ರಕ್ತವೂ ಪರೀಕ್ಷೆಗೆ ಹೋಯಿತು. ತಿಂಗಳ ಮೇಲೆ ವರದಿ ಬಂತು: ಬಸವೇಶನ ಜೀನ್‌ನಲ್ಲಿ ವ್ಯತ್ಯಾಸವಿದೆ, ಸಂಗೀತಾಳಲ್ಲೂ ಅದೇ ಇದೆ. ಕಾಯಿಲೆ ಬಂದೇ ಬರುತ್ತದೆಂದಲ್ಲ, ಉಳಿದವರಿಗಿಂತ ಸಂಭವ ಹೆಚ್ಚು; ವರ್ಷ ವರ್ಷ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆ ನೋಡಿಸಬೇಕು. ಈ ಸಲ ನೋಡಿದ್ದರಲ್ಲಿ ಸಂಗೀತಾಳಿಗೆ ಏನೂ ಇರಲಿಲ್ಲ.

ಬಸವೇಶ ಮಾತ್ರ ಮುಖ ಮುಚ್ಚಿಕೊಂಡು ಬಿಕ್ಕಿದ. "ನಾನೇ ಕೊಟ್ಬಿಟ್ನಲ್ಲವ್ವಾ ಮಗಳಿಗೆ."

ಗುರುಶಾಂತಮ್ಮ ಅವನ ಕೈ ಹಿಡಿದು ಕೆಳಗಿಳಿಸಿದಳು.

"ಸುಮ್ನಿರೋ. ಇಂಥ ಮಾತು ಹೊತ್ಕೊಂಡು ಬಾಳೋದು ಹೆಂಗಿರ್ತದೆ ಅಂತ ನಂಗೊತ್ತು. ಈ ಮನೇಲಿ ಇನ್ಯಾರ ಮೇಲೂ ಅದನ್ನ ಹೊರಿಸಕ್ಕೆ ನಾನು ಬಿಡಲ್ಲ."