ಸಹಿ ಹಾಕದ ದೊಡ್ಡಮ್ಮ

ನನ್ನ ದೊಡ್ಡಮ್ಮ ಮಾತಾಡುವಾಗ ಎದುರಿಗಿದ್ದವರ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ನಾನು ಮದುವೆಯಾಗಲಿದ್ದವನನ್ನು ಕರೆತಂದಾಗಲೂ ಹಾಗೆಯೇ ದಿಟ್ಟಿಸಿ, “ಈ ಕೈ ಪಾತ್ರೆ ಮುಟ್ಟಿಲ್ಲ ಕಣೇ” ಎಂದಿದ್ದಳು. ರಟ್ಟಿನ ಡಬ್ಬಿಯ ಕಾರ್ಖಾನೆಯಲ್ಲಿ, ರಟ್ಟು ಕತ್ತರಿಸುವ ಯಂತ್ರದ ಮುಂದೆ ಇಪ್ಪತ್ತೆಂಟು ವರ್ಷ ನಿಂತವಳ ಅಭ್ಯಾಸ ಅದು.

ಅಲ್ಲಿ ಅಲಗಿಗೆ ಕೈ ತಾಗದಿರಲೆಂದು ಮುಂದೊಂದು ಜಾಲರಿ. ಆರ್ಡರು ಹೆಚ್ಚಾದಾಗ, ಕೈ ಬೇಗ ಓಡಲೆಂದು, ಮೇಸ್ತ್ರಿ ಜಾಲರಿಗಳನ್ನೆಲ್ಲ ದಾರದಿಂದ ಮೇಲಕ್ಕೆ ಕಟ್ಟುತ್ತಿದ್ದ. ದೊಡ್ಡಮ್ಮ ತನ್ನದನ್ನು ಬಿಚ್ಚುತ್ತಿದ್ದಳು. ‘ಗಂಟುಬಿಚ್ಚಮ್ಮ’ ಎಂಬ ಅಡ್ಡಹೆಸರು ಅವನದೇ ಕೊಡುಗೆ.

ಪಕ್ಕದ ಯಂತ್ರದವಳು ಬೆಳಗಿನ ನಾಲ್ಕಕ್ಕೆದ್ದು ಆರು ಜನಕ್ಕೆ ಅಡುಗೆ ಮಾಡಿಟ್ಟು, ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಒಗೆದು ಬರುವವಳು. ಒಂದು ದಿನ, ನಿಂತ ಹತ್ತನೆಯ ಗಂಟೆಯಲ್ಲಿ, ಅವಳಿಗೆ ಜೋಂಪು ಹತ್ತಿತು. ಎರಡು ಬೆರಳ ತುದಿ ಹೋದವು. ಕಾರ್ಖಾನೆಯವರು ಅಪಘಾತದ ವರದಿಯಲ್ಲಿ ‘ಕೆಲಸಗಾರ್ತಿಯ ಅಜಾಗರೂಕತೆ’ ಎಂದು ಬರೆದಿದ್ದರು. ಕಂಡವರು ಅದಕ್ಕೆ ಸಹಿ ಹಾಕಿದರೆ ಅವಳಿಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ.

“ನೀವೇ ಹಿರಿಯರು, ಇಲ್ಲೊಂದು ಸಹಿ ಹಾಕಿಬಿಡಿ,” ಎಂದರು ಮ್ಯಾನೇಜರು.

“ಜಾಲರಿ ಕಟ್ಟಿದ್ದು ಬರ್ದಿಲ್ವಲ್ಲ ಸಾರ್? ಊಟಕ್ಕೂ ಬಿಡದೆ ನಿಲ್ಸಿದ್ದು?”

“ಅದೆಲ್ಲಾ ಇದರಲ್ಲಿ ಬರಲ್ಲಮ್ಮ.”

“ಹಾಗಾದ್ರೆ ನನ್ನ ಸಹೀನೂ ಬರಲ್ಲ.”

ಸಹಿ ಹಾಕುವವರೆಗೆ ಕೆಲಸಕ್ಕೆ ಬರಬೇಡವೆಂದರು. ಮನೆಯಲ್ಲಿ ದೊಡ್ಡಪ್ಪ ಸಿಡುಕಿದರು: “ಒಂದು ಗೀಟು ಗೀಚಿ ಬರೋಕೆ ನಿಂಗೇನು ಕಷ್ಟ?”

“ಮೊದ್ಲು ಈ ಈರುಳ್ಳಿ ಹೆಚ್ಚಿ. ನಾನು ಪಕ್ಕದಲ್ಲಿ ನಿಂತು ಬೇಗ ಬೇಗ ಅಂತಿರ್ತೀನಿ. ಆಮೇಲೆ ಹೇಳಿ.”

ಅಂದು ದೊಡ್ಡಪ್ಪ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಉಂಡರು. ಸಹಿಯ ಸುದ್ದಿ ಮತ್ತೆ ಎತ್ತಲಿಲ್ಲ.

ಕಾರ್ಖಾನೆಯಲ್ಲಿ ಉಳಿದ ಹನ್ನೊಂದು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. “ಅಕ್ಕ ಹಾಕಿದ್ರೆ ನಾವೂ ಹಾಕ್ತೀವಿ” ಎಂಬುದು ಎಲ್ಲರ ಉತ್ತರ. ಐದನೆಯ ದಿನ ಬೇರೆ ವರದಿ ಬರೆದರು, ಜಾಲರಿ ಕಟ್ಟಿದ್ದನ್ನೂ ಹತ್ತು ಗಂಟೆ ನಿಲ್ಲಿಸಿದ್ದನ್ನೂ ಸೇರಿಸಿ. ದೊಡ್ಡಮ್ಮ ಎರಡು ಸಲ ಓದಿಸಿಕೊಂಡು ಸಹಿ ಹಾಕಿದಳು. ಬೆರಳು ಕಳೆದುಕೊಂಡವಳಿಗೆ ಪರಿಹಾರ ಸಿಕ್ಕಿತು; ಗಾಯ ಮಾಗಿದ ಮೇಲೆ ಪ್ಯಾಕಿಂಗ್ ಮೇಜಿನ ಕೆಲಸಕ್ಕೆ ಬಂದಳು. ಮತ್ತೆ ಮೇಲಕ್ಕೆ ಕಟ್ಟಲಾಗದಂತೆ ಜಾಲರಿಗಳಿಗೆ ಸ್ಕ್ರೂ ಬಿತ್ತು.

ಒಲೆ, ಮಗು, ಮುದುಕರು ಎಂದು ಹಗಲಿರುಳು ಕಾಯುವ ಹೆಂಗಸನ್ನು ಯಾರೂ ಜಾಗರೂಕಳೆಂದು ಹೊಗಳುವುದಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿದರೆ ಮಾತ್ರ ಅಜಾಗರೂಕಳೆಂದು ಬರೆಯುತ್ತಾರೆ. ಆ ಮಾತು ಇನ್ನೊಬ್ಬಳ ಹೆಸರಿಗೆ ಅಂಟದಂತೆ, ತಮ್ಮ ಅನ್ನಕ್ಕೆ ಕುತ್ತು ಬಂದರೂ ಪೆನ್ನು ಕೆಳಗಿಡುವವರಿದ್ದಾರೆ. ಲೋಕ ಅವರನ್ನು ಹಟಮಾರಿಗಳೆನ್ನುತ್ತದೆ. ನಾನಂತೂ ಅಂಥ ಹಟದ ಮನೆಯವಳು.